ಮಳೆ ಹಿಡಿಯುವ ಮುಂಚೆ ವಿಡಿಯೊ ಇಳಿಸಿಡಲು ಯಾವ ಸಾಫ್ಟ್‌ವೇರ್

ಮೂಡಿಗೆರೆ, 31 ಮೇ 2026, ಭಾನುವಾರ

ರೋಹಿಣಿ ಮಳೆ ನಡೆಯುತ್ತಿದೆ, ಇನ್ನೊಂದು ವಾರಕ್ಕೆ ಮೃಗಶಿರ ಹುಟ್ಟುತ್ತದೆ. ಆರಿದ್ರಾ, ಪುನರ್ವಸು ಹೊತ್ತಿಗೆ ಕೊಟ್ಟಿಗೆಹಾರ, ಕಳಸ, ಆಚೆ ಸಕಲೇಶಪುರದ ಹೆತ್ತೂರು ಕಡೆ ಲೈನ್ ಮೇಲೆ ಸಿಲ್ವರ್ ಓಕ್ ಬೀಳುವುದು, ಕರೆಂಟ್ ಹೋದರೆ ದಿನಗಟ್ಟಲೆ ಬರದಿರುವುದು, ಟವರ್‌ನ ಬ್ಯಾಟರಿ ಮುಗಿದು ಸಿಗ್ನಲ್ ಹೋಗುವುದು ಎಲ್ಲ ಇದ್ದದ್ದೇ. ಪಾಠದ ವಿಡಿಯೊ, ಕಾಫಿ–ಮೆಣಸಿನ ಉಪನ್ಯಾಸ, ಮಕ್ಕಳಿಗೆ ತೋರಿಸುವ ವಿಜ್ಞಾನದ ಪ್ರಯೋಗ, ಏನೇ ಇರಲಿ, ಕಂಪ್ಯೂಟರಿಗೆ ಇಳಿಸಿಡುವವರು ಈ ವಾರವೇ ಇಳಿಸಿಟ್ಟರೆ ಒಳ್ಳೆಯದು. ಯಾವ ಸಾಫ್ಟ್‌ವೇರ್ ಅನ್ನುವುದನ್ನು ಇವತ್ತು ಬರೆದಿಡುತ್ತಿದ್ದೇವೆ.

ಮೊದಲು ವಿಡಿಯೊ ಎಲ್ಲಿದೆ ನೋಡಿ, ಎಷ್ಟೋ ಸಲ ಸಾಫ್ಟ್‌ವೇರೇ ಬೇಕಾಗುವುದಿಲ್ಲ. ಐಐಟಿಗಳ ಉಪನ್ಯಾಸಗಳ ಉಚಿತ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಕೋರ್ಸಿನ ಪುಟದಲ್ಲೇ ಡೌನ್‌ಲೋಡ್ ವಿಭಾಗವಿದೆ, ಉಪನ್ಯಾಸದ ಎಂಪಿ4 ಫೈಲ್ ಅಲ್ಲೇ ಸಿಗುತ್ತದೆ. ಇಂಟರ್ನೆಟ್ ಆರ್ಕೈವ್, ವಿಕಿಮೀಡಿಯ ಕಾಮನ್ಸ್ ಎರಡರಲ್ಲೂ ನೇರ ಕೊಂಡಿ ಇರುತ್ತದೆ. ಯೂಟ್ಯೂಬಿನ ಕತೆ ಬೇರೆ. ಅವರು ಕೊಟ್ಟ ಬಟನ್ ಬಿಟ್ಟು ಬೇರೆ ದಾರಿಯಲ್ಲಿ ಇಳಿಸಬೇಕಾದರೆ ಅವರ ಅನುಮತಿಯೂ, ಅನ್ವಯಿಸುವಲ್ಲಿ ಹಕ್ಕುದಾರರ ಅನುಮತಿಯೂ ಬೇಕು ಎಂದು ಅವರ ನಿಯಮ ಹೇಳುತ್ತದೆ. ಪ್ರೀಮಿಯಂ ಇದ್ದವರಿಗೆ ಕಂಪ್ಯೂಟರಿನ ಬ್ರೌಸರಿನಲ್ಲೂ ಡೌನ್‌ಲೋಡ್ ಬಟನ್ ಬರುತ್ತದೆ, ಆದರೆ ಆ ವಿಡಿಯೊ ಅದೇ ಬ್ರೌಸರಿನೊಳಗೆ ಮಾತ್ರ ಓಡುತ್ತದೆ, ಪೆನ್‌ಡ್ರೈವಿಗೆ ಹಾಕಲಾಗದು. ನಿಮ್ಮದೇ ಚಾನೆಲ್‌ನದಾದರೆ ಯೂಟ್ಯೂಬ್ ಸ್ಟುಡಿಯೊದಿಂದಲೇ ಇಳಿಸಿಕೊಳ್ಳಬಹುದು. ಹುಡುಕುವಾಗ ಫಿಲ್ಟರ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಆರಿಸಿದರೆ ಹಂಚಲು ಲೇಖಕರೇ ಒಪ್ಪಿಕೊಂಡ ವಿಡಿಯೊಗಳು ಸಿಗುತ್ತವೆ. ಶಾಲೆಗೆ, ಗ್ರಂಥಾಲಯಕ್ಕೆ ಸಂಗ್ರಹ ಮಾಡುವವರು ಅಲ್ಲಿಂದಲೇ ಶುರುಮಾಡಬೇಕು. ಇನ್ನು ಒಟಿಟಿ ಸಿನಿಮಾಗಳಿಗೆ ಬೀಗ ಹಾಕಿರುತ್ತಾರೆ, ಆ ಬೀಗ ಮುರಿಯುವುದು ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಕೆಳಗೆ ಅಪರಾಧ. ‘ಎಲ್ಲ ಒಟಿಟಿಯಿಂದಲೂ ಇಳಿಸುತ್ತೇವೆ’ ಎನ್ನುವ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಸೇರಿಸಲೇಬೇಡಿ.

ಈಗ ಸಾಫ್ಟ್‌ವೇರ್. ಮಲೆನಾಡಿನವರು ಕೇಳಬೇಕಾದ ಮೊದಲ ಪ್ರಶ್ನೆ ವೇಗದ್ದಲ್ಲ. ಮುಕ್ಕಾಲು ಇಳಿದ ಮೇಲೆ ಕರೆಂಟ್ ಹೋದರೆ, ಬಂದಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆಯೇ? ಬಹಳಷ್ಟು ಡೌನ್‌ಲೋಡರ್‌ಗಳು ಸೋಲುವುದು ಇಲ್ಲೇ. ಯೂಟ್ಯೂಬ್ ಕೊಡುವ ಫೈಲಿನ ಕೊಂಡಿಗೆ ಆಯುಸ್ಸು ಸುಮಾರು 6 ಗಂಟೆ. ಜೊತೆಗೆ ಅದರೊಳಗೆ ನಿಮ್ಮ ಐಪಿ ವಿಳಾಸವೂ (ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕದ ಗುರುತು) ಬರೆದಿರುತ್ತದೆ. ಕರೆಂಟ್ ಹೋಗಿ ಬಂದು ರೂಟರ್ ಮತ್ತೆ ಆನ್ ಆದಾಗ ಐಪಿ ಬದಲಾಗಿರಬಹುದು. ಆಗ ಹಳೆಯ ಕೊಂಡಿ ಹಿಡಿದು ಕೇಳಿದರೆ 403 ಎಂಬ ನಿರಾಕರಣೆ ಬರುತ್ತದೆ. ಹಾಗಾಗಿ ಫೈಲಿನ ಕೊಂಡಿಯನ್ನಲ್ಲ, ವಿಡಿಯೊ ಪುಟದ ವಿಳಾಸವನ್ನು ನೆನಪಿಟ್ಟುಕೊಂಡು ಪ್ರತಿ ಸಲ ಹೊಸ ಕೊಂಡಿ ಪಡೆಯುವ ಸಾಫ್ಟ್‌ವೇರೇ ನಮ್ಮ ಕಡೆಗೆ ಆಗುವುದು.

ವೈಟಿ-ಡಿಎಲ್‌ಪಿ ಕೆಲಸ ಮಾಡುವುದು ಹಾಗೆಯೇ. 2006ರಲ್ಲಿ ಶುರುವಾದ ಯೂಟ್ಯೂಬ್-ಡಿಎಲ್‌ನಿಂದ ಕವಲೊಡೆದು 2021ರಿಂದ ಬೆಳೆದ ಉಚಿತ, ಮುಕ್ತ ತಂತ್ರಾಂಶ ಇದು. ಕಪ್ಪು ಕಿಟಕಿಯಲ್ಲಿ, ಅಂದರೆ ಕಮಾಂಡ್ ಪ್ರಾಂಪ್ಟಿನಲ್ಲಿ, ಆಜ್ಞೆ ಟೈಪ್ ಮಾಡಬೇಕು. ಅದು ಬೇಡವೆನ್ನುವವರಿಗೆ ಪ್ಯಾರಾಬೋಲಿಕ್, ಸ್ಟ್ಯಾಚರ್, ಓಪನ್ ವಿಡಿಯೊ ಡೌನ್‌ಲೋಡರ್ ಇವೆ. ಮೂರರ ಒಳಗಿನ ಎಂಜಿನ್ ಇದೇ, ಮೇಲೆ ಬಟನ್‌ಗಳಿವೆ ಅಷ್ಟೆ. 4ಕೆ ವಿಡಿಯೊ ಡೌನ್‌ಲೋಡರ್ ಬಳಸಲು ಸುಲಭ, ಆದರೆ ಉಚಿತ ಆವೃತ್ತಿಗೆ ದಿನಕ್ಕೆ ಇಂತಿಷ್ಟೇ ಎಂಬ ಮಿತಿಯಿದೆ. ಒಂದು ಇಡೀ ಕೋರ್ಸ್ ಇಳಿಸುವವರಿಗೆ ಅದು ಸಾಲದು. ನಮ್ಮ ಮಾತು ಕೇಳಿದರೆ, ಒಮ್ಮೆ ಕುಳಿತು ಕಪ್ಪು ಕಿಟಕಿಯನ್ನೇ ಕಲಿಯಿರಿ. ಏನು ತಪ್ಪಿತು ಎಂಬುದು ಅಲ್ಲಿ ಅಕ್ಷರದಲ್ಲಿ ಕಾಣುತ್ತದೆ, ಬಟನ್ ಇರುವವು ಎಷ್ಟೋ ಸಲ ‘ವಿಫಲ’ ಎಂದು ಹೇಳಿ ಸುಮ್ಮನಾಗುತ್ತವೆ.

ಹಾಕಿಕೊಳ್ಳುವ ದಾರಿ. ವಿಂಡೋಸ್ 10 ಅಥವಾ 11 ಇದ್ದರೆ ಸಾಫ್ಟ್‌ವೇರ್ ಹಾಕುವ ವಿನ್‌ಗೆಟ್ ಆಜ್ಞೆಯ ಮೂಲಕ ಹಾಕುವುದು ಎಲ್ಲಕ್ಕಿಂತ ಸಲೀಸು. ಇಲ್ಲವಾದರೆ ಗಿಟ್‌ಹಬ್‌ನಲ್ಲಿರುವ ಅದರ ಮೂಲ ಪುಟದಿಂದ ಮಾತ್ರ. ಇದೇ ಹೆಸರಿಟ್ಟುಕೊಂಡ ನಕಲಿ ಸೈಟುಗಳು ಹುಡುಕಿದಾಗ ಮೇಲೆಯೇ ಬರಬಹುದು. ಅನುಮಾನವಿದ್ದರೆ ವಿಂಡೋಸಿನ ಸರ್ಟ್‌ಯುಟಿಲ್ ಆಜ್ಞೆಯಿಂದ ಫೈಲಿನ ಎಸ್‌ಎಚ್‌ಎ256 ಮೊತ್ತ (ಫೈಲಿನ ಬೆರಳಚ್ಚಿನಂಥ ಉದ್ದ ಸಂಖ್ಯೆ) ತೆಗೆದು, ಮೂಲ ಪುಟದಲ್ಲಿ ಕೊಟ್ಟಿರುವುದರ ಜೊತೆ ತಾಳೆ ನೋಡಿ. ಉಬುಂಟು ಲಿನಕ್ಸ್‌ನಲ್ಲಿ ಆಪ್ಟ್ ಆಜ್ಞೆಯಿಂದ ಸಿಗುವುದು ಹಳೆಯ ಆವೃತ್ತಿ, ಅದನ್ನು ಬಿಟ್ಟು ಪಿಪ್‌ಎಕ್ಸ್ ಆಜ್ಞೆಯಿಂದ ಹಾಕಿ. ಇದರ ಜೊತೆಗೆ ಎರಡು ಬೇಕೇ ಬೇಕು: ಎಫ್‌ಎಫ್‌ಎಂಪೆಗ್ ಮತ್ತು ಡೆನೊ. ಡೆನೊ ಒಂದು ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ. 2025ರ ನವೆಂಬರ್‌ನಿಂದ ಈಚೆಗೆ ಯೂಟ್ಯೂಬಿನ ಎಲ್ಲ ಫಾರ್ಮ್ಯಾಟ್ ಸಿಗಬೇಕಾದರೆ ಇಂಥದೊಂದು ಇರಲೇಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಕೆಲವು ಫಾರ್ಮ್ಯಾಟ್ ಕಾಣೆಯಾಗುತ್ತವೆ, ಜನ ಸಾಫ್ಟ್‌ವೇರೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹೊಸದಾಗಿ 403 ಬರತೊಡಗಿದರೆ ಮೊದಲು ಮಾಡಬೇಕಾದದ್ದು ಆವೃತ್ತಿ ನವೀಕರಣ. ಯೂಟ್ಯೂಬ್ ತನ್ನ ಒಳಗನ್ನು ಆಗಾಗ ಬದಲಿಸುತ್ತದೆ, ತಿಂಗಳುಗಟ್ಟಲೆ ನವೀಕರಣ ಕಾಣದ ಯಾವ ಡೌನ್‌ಲೋಡರನ್ನೂ ನಂಬಿಕೊಳ್ಳಬೇಡಿ.

ಎಫ್‌ಎಫ್‌ಎಂಪೆಗ್ ಯಾಕೆ ಬೇಕು? ಯೂಟ್ಯೂಬ್ 720, 1080 ಗುಣಮಟ್ಟದಲ್ಲಿ ಚಿತ್ರವನ್ನೂ ಧ್ವನಿಯನ್ನೂ ಬೇರೆಬೇರೆ ಫೈಲಾಗಿ ಇಟ್ಟಿರುತ್ತದೆ. ವೈಟಿ-ಡಿಎಲ್‌ಪಿ ಎರಡನ್ನೂ ಇಳಿಸುತ್ತದೆ, ಹೊಲಿಯುವುದು ಎಫ್‌ಎಫ್‌ಎಂಪೆಗ್. ಅದಿಲ್ಲದಿದ್ದರೆ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಕಾಣುತ್ತವೆ: ಎಫ್136 ಎಂದು ಕೊನೆಯಾಗುವ ಎಂಪಿ4, ಎಫ್140 ಎಂದು ಕೊನೆಯಾಗುವ ಎಂ4ಎ. ಮೊದಲನೆಯದರಲ್ಲಿ ಮೇಷ್ಟ್ರ ಬಾಯಿ ಆಡುತ್ತದೆ, ಮಾತಿಲ್ಲ. ಎರಡನೆಯದರಲ್ಲಿ ಮಾತಿದೆ, ಮೇಷ್ಟ್ರಿಲ್ಲ. ಫೈಲ್ ಹಾಳಾಗಿಲ್ಲ, ಅಳಿಸಬೇಡಿ. ಎಫ್‌ಎಫ್‌ಎಂಪೆಗ್ ಹಾಕಿ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಎರಡೂ ಸೇರಿಕೊಳ್ಳುತ್ತವೆ. ಕರೆಂಟ್ ಹೋದಾಗ ಉಳಿಯುವ ‘ಪಾರ್ಟ್’ ಬಾಲದ ಫೈಲನ್ನೂ, ಪಕ್ಕದಲ್ಲಿರಬಹುದಾದ ‘ವೈಟಿಡಿಎಲ್’ ಬಾಲದ ಪುಟ್ಟ ಫೈಲನ್ನೂ ಹಾಗೆಯೇ ಬಿಡಿ. ಎಲ್ಲಿಯವರೆಗೆ ಇಳಿದಿದೆ ಎಂಬ ಲೆಕ್ಕ ಅವುಗಳಲ್ಲಿದೆ. ಆದರೆ ಎರಡನೇ ಸಲ ಕೊಡುವ ಆಜ್ಞೆಯಲ್ಲಿ ಗುಣಮಟ್ಟವನ್ನೋ ಹೆಸರನ್ನೋ ಬದಲಿಸಿದರೆ ಅದು ಹೊಸ ಫೈಲೆಂದು ಮೊದಲಿನಿಂದ ಶುರುವಾಗುತ್ತದೆ. ಆಜ್ಞೆಯನ್ನು ಒಂದು ಬ್ಯಾಚ್ ಫೈಲಿನಲ್ಲಿ (ಒತ್ತಿದರೆ ಒಳಗಿನ ಆಜ್ಞೆ ಓಡುವ ಪಠ್ಯ ಫೈಲ್) ಬರೆದಿಟ್ಟುಕೊಂಡರೆ ಈ ತೊಂದರೆ ಇಲ್ಲ. ಬ್ಯಾಚ್ ಫೈಲಿನಲ್ಲಿ, ಹೆಸರಿನ ನಮೂನೆಯಲ್ಲಿ ಬರುವ ಶೇಕಡಾ ಚಿಹ್ನೆಯನ್ನು ಎರಡೆರಡು ಸಲ ಹಾಕಬೇಕು, ಒಂದೇ ಹಾಕಿದರೆ ಫೈಲಿನ ಹೆಸರು ಹದಗೆಡುತ್ತದೆ.

ಯಾವ ಫಾರ್ಮ್ಯಾಟ್ ಎಂಬುದು ಸಾಫ್ಟ್‌ವೇರಿನಷ್ಟೇ ಮುಖ್ಯ. ಹೈಫನ್ ಮತ್ತು ದೊಡ್ಡಕ್ಷರದ ಎಫ್ ಕೊಟ್ಟು ವಿಳಾಸ ಹಾಕಿದರೆ, ಏನನ್ನೂ ಇಳಿಸದೆ ಪಟ್ಟಿ ತೋರಿಸುತ್ತದೆ. ಎಡತುದಿಯಲ್ಲಿ ಸಂಖ್ಯೆ, ನಡುವೆ ಗಾತ್ರ ಮತ್ತು ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ), ಬಲಕ್ಕೆ ಕೋಡೆಕ್ (ವಿಡಿಯೊವನ್ನು ಕುಗ್ಗಿಸಿದ ವಿಧಾನ). ಎವಿಸಿ1 ಎಂದಿದ್ದರೆ ಎಚ್.264, ವಿಪಿ09 ಎಂದಿದ್ದರೆ ವಿಪಿ9, ಎವಿ01 ಎಂದಿದ್ದರೆ ಎವಿ1. ಸುಮ್ಮನೆ ಬಿಟ್ಟರೆ ಸಾಫ್ಟ್‌ವೇರ್ ಎಲ್ಲಕ್ಕಿಂತ ದೊಡ್ಡ ಗುಣಮಟ್ಟದ ಎವಿ1 ಅಥವಾ ವಿಪಿ9 ಆರಿಸುತ್ತದೆ. ಎವಿ1 ಗಾತ್ರದಲ್ಲಿ ಚಿಕ್ಕದು ನಿಜ, ಆದರೆ ಅದನ್ನು ಬಿಡಿಸುವ ಹಾರ್ಡ್‌ವೇರ್ ಇಂಟೆಲ್‌ನಲ್ಲಿ ಬಂದದ್ದು 11ನೇ ತಲೆಮಾರಿನಿಂದ. ಅದಕ್ಕೂ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್ ಜೋರಾಗಿ ತಿರುಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕರೆಂಟ್ ಇಲ್ಲದ ಊರಲ್ಲಿ ಬ್ಯಾಟರಿಯೇ ಎಲ್ಲ. ಹಳೆಯ ಟಿವಿಯ ಯುಎಸ್‌ಬಿಗೆ ಹಾಕಿದರಂತೂ ‘ಬೆಂಬಲವಿಲ್ಲ’ ಎಂದುಬಿಡುತ್ತದೆ. ಆದ್ದರಿಂದ ನಮ್ಮ ಆಯ್ಕೆ 136 ಮತ್ತು 140, ಅಂದರೆ 720 ಗುಣಮಟ್ಟದ ಎಚ್.264 ಚಿತ್ರ, ಎಎಸಿ ಧ್ವನಿ. ಹೈಫನ್ ಮತ್ತು ಸಣ್ಣಕ್ಷರದ ಎಫ್ ಕೊಟ್ಟು ಎರಡರ ನಡುವೆ ಕೂಡಿಸುವ ಚಿಹ್ನೆ ಹಾಕಿದರಾಯಿತು. ತಪ್ಪು ಕೋಡೆಕ್ ಇಳಿಸಿ ಆಮೇಲೆ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಪರಿವರ್ತಿಸುವುದು ಹಳೆಯ ಯಂತ್ರದಲ್ಲಿ ಗಂಟೆಗಟ್ಟಲೆಯ ಕೆಲಸ, ಚಿತ್ರದ ಸ್ಪಷ್ಟತೆಯೂ ಒಂದಿಷ್ಟು ಹೋಗುತ್ತದೆ.

ಡೇಟಾ ಲೆಕ್ಕಕ್ಕೆ ಒಂದೇ ಅಂಕಿ ನೆನಪಿರಲಿ: 1 ಎಂಬಿಪಿಎಸ್ ಬಿಟ್‌ರೇಟ್‌ನ ವಿಡಿಯೊ ಗಂಟೆಗೆ 450 ಎಂಬಿ. ಪಟ್ಟಿಯಲ್ಲಿ 1500ಕೆ ಎಂದಿದ್ದರೆ ಗಂಟೆಗೆ 675 ಎಂಬಿ, 128ಕೆ ಧ್ವನಿಗೆ ಇನ್ನು 58. ಸ್ಲೈಡ್ ತೋರಿಸಿ ಪಾಠ ಮಾಡುವ ವಿಡಿಯೊಗಳಲ್ಲಿ ಚಿತ್ರ ಅಲುಗಾಡುವುದು ಕಡಿಮೆ, ಬಿಟ್‌ರೇಟೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಅಕ್ಷರ ಓದಲು ಬರುವಂತಿದ್ದರೆ 480 ಕೂಡ ಸಾಕು.

ಡೇಟಾ ಒಂದೇ ರಾತ್ರಿಯಲ್ಲಿ ಖಾಲಿಯಾಗುವುದಕ್ಕೆ ಬೇರೆ ಕಾರಣವೂ ಇದೆ. ಪ್ಲೇಲಿಸ್ಟಿನಿಂದ ಒಂದು ವಿಡಿಯೊ ತೆರೆದು ವಿಳಾಸ ನಕಲು ಮಾಡಿದರೆ ಅದರ ಬಾಲದಲ್ಲಿ ಪ್ಲೇಲಿಸ್ಟಿನ ಗುರುತೂ ಅಂಟಿಕೊಂಡಿರುತ್ತದೆ. ಹಾಗೇ ಕೊಟ್ಟರೆ ವೈಟಿ-ಡಿಎಲ್‌ಪಿ ಇಡೀ ಪ್ಲೇಲಿಸ್ಟ್ ಇಳಿಸಲು ಹೊರಡುತ್ತದೆ. ಒಂದೇ ಸಾಕಾದರೆ ‘ನೊ-ಪ್ಲೇಲಿಸ್ಟ್’ ಆಯ್ಕೆ ಸೇರಿಸಿ. ವಿಂಡೋಸ್‌ನಲ್ಲಿ ವಿಳಾಸವನ್ನು ಯಾವಾಗಲೂ ಎರಡು ಉದ್ಧರಣ ಚಿಹ್ನೆಗಳ ನಡುವೆ ಹಾಕಿ. ಇಲ್ಲದಿದ್ದರೆ ನಡುವಿನ ಆ್ಯಂಪರ್ಸಂಡ್ ಚಿಹ್ನೆಯಲ್ಲಿ ಆಜ್ಞೆ ತುಂಡಾಗಿ, ‘ಲಿಸ್ಟ್’ ಎಂಬ ಆಜ್ಞೆ ತನಗೆ ಗೊತ್ತಿಲ್ಲ ಎಂದು ಕಂಪ್ಯೂಟರ್ ಹೇಳುತ್ತದೆ. ಇಡೀ ಕೋರ್ಸೇ ಬೇಕಾದವರು ‘ಡೌನ್‌ಲೋಡ್-ಆರ್ಕೈವ್’ ಆಯ್ಕೆ ಬಳಸಬೇಕು. ಇಳಿದು ಮುಗಿದ ವಿಡಿಯೊಗಳ ಗುರುತನ್ನು ಅದು ಒಂದು ಪಠ್ಯ ಫೈಲಿನಲ್ಲಿ ಬರೆದಿಡುತ್ತದೆ, ಮುಂದಿನ ಸಲ ಅವನ್ನು ಮುಟ್ಟುವುದಿಲ್ಲ. ಮನೆಯವರೆಲ್ಲ ಒಂದೇ ಸಂಪರ್ಕ ಬಳಸುವಾಗ ‘ಲಿಮಿಟ್-ರೇಟ್’ ಹಾಕಿ ವೇಗ ಕಟ್ಟಿಹಾಕಬಹುದು.

ಕನ್ನಡದಂಥ ಲಿಪಿಗಳ ಶೀರ್ಷಿಕೆಗಳಿಗೆ ಬರುವ ತೊಂದರೆ ಒಂದಿದೆ. ಲಿನಕ್ಸ್‌ನಲ್ಲಿ ಫೈಲಿನ ಹೆಸರಿಗೆ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3. ಕಾಗುಣಿತ, ಒತ್ತಕ್ಷರ ಎಲ್ಲವೂ ಬೇರೆಬೇರೆ ಸಂಕೇತ. ಅಲ್ಲಿಗೆ 85 ಸಂಕೇತಕ್ಕೇ ಮಿತಿ ಮುಗಿಯುತ್ತದೆ. ಯೂಟ್ಯೂಬ್ ಶೀರ್ಷಿಕೆ 100ರವರೆಗೂ ಹೋಗಬಹುದಾದ್ದರಿಂದ ‘ಹೆಸರು ತೀರಾ ಉದ್ದ’ ಎಂದು ನಿಂತುಬಿಡುತ್ತದೆ. ಇದಕ್ಕೆ ‘ರಿಸ್ಟ್ರಿಕ್ಟ್-ಫೈಲ್‌ನೇಮ್ಸ್’ ಹಾಕಲು ಹೋಗಬೇಡಿ, ಅದು ಕನ್ನಡ ಅಕ್ಷರಗಳನ್ನೆಲ್ಲ ಕಿತ್ತು ಅಡಿಗೆರೆ ಹಾಕುತ್ತದೆ, ಯಾವ ಪಾಠ ಯಾವುದೆಂದೇ ತಿಳಿಯದು. ಹೆಸರಿನ ನಮೂನೆಯಲ್ಲಿ ಪ್ಲೇಲಿಸ್ಟಿನ ಕ್ರಮಸಂಖ್ಯೆ ಮತ್ತು ವಿಡಿಯೊದ ಗುರುತು ಎರಡನ್ನೇ ಇಟ್ಟು, ಪಾಠಗಳ ಪಟ್ಟಿಯನ್ನು ಬೇರೆ ಕಾಗದದಲ್ಲಿ ಬರೆದಿಡಿ. ಕನ್ನಡ ಫಾಂಟ್ ಇಲ್ಲದ ಟಿವಿಯಲ್ಲೂ ಆ ಸಂಖ್ಯೆ ಕಾಣುತ್ತದೆ.

ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ದಾಟಿದ ಒಂಟಿ ಫೈಲ್ ಹಿಡಿಯದು, ಡ್ರೈವ್ ಖಾಲಿಯಿದ್ದರೂ. 720ರಲ್ಲಿ ಅಷ್ಟು ಉದ್ದದ ಪಾಠ ಸಿಗುವುದು ಅಪರೂಪ, ನೇರ ಪ್ರಸಾರದ ವಿಡಿಯೊ ಮುದ್ರಿಕೆಗಳಲ್ಲಿ ಸಿಗುತ್ತದೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ, ಆದರೆ ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಓದದೆಯೂ ಇರಬಹುದು, ಮೊದಲು ಒಂದು ಚಿಕ್ಕ ಫೈಲ್ ಹಾಕಿ ಪರೀಕ್ಷಿಸಿ. ಕನ್ನಡ ಉಪಶೀರ್ಷಿಕೆ ಬೇಕಿದ್ದರೆ ‘ರೈಟ್-ಸಬ್ಸ್’ ಜೊತೆಗೆ ಭಾಷೆಯ ಜಾಗದಲ್ಲಿ ಕೆ ಮತ್ತು ಎನ್ ಕೊಡಿ. ಟಿವಿ ಅದನ್ನು ಚೌಕಚೌಕವಾಗಿ ತೋರಿಸಿದರೆ ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ಪ್ಲೇಯರ್ ತೆರೆದು ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿ. ಫಾಂಟ್ ಲ್ಯಾಪ್‌ಟಾಪಿನದೇ ಆಗುವುದರಿಂದ ಅಕ್ಷರ ಸರಿಯಾಗಿ ಬರುತ್ತದೆ.