ನೇರಳೆ ಬಣ್ಣ ನೋಡಿ ಫೋನ್ ಮಾಡಿದ ದಿನ

ಮೊನ್ನೆ ಹೊಸದಾಗಿ ಸೇರಿದ ಹುಡುಗ ಟ್ಯೂಬ್ ಎತ್ತಿ ಹಿಡಿದು "ಪಾಸಿಟಿವ್ ಬಂತು!" ಅಂತ ಕೂಗಿದ. ನನಗೆ ಹೊಟ್ಟೆಯಲ್ಲಿ ಹಿಂಡಿದ ಹಾಗಾಯಿತು. ಎರಡು ವರ್ಷದ ಹಿಂದೆ ಅದೇ ಬೆಂಚಿನ ಹತ್ತಿರ ನಿಂತು ನಾನೂ ಹಾಗೇ ಕೂಗಿದ್ದೆ.

ನಾನು ಧಾರವಾಡದವಳು. ಪುಣೆಯ ಹಿಂಜೇವಾಡಿಯಲ್ಲಿ ಒಂದು ಚಿಕ್ಕ ಡಯಾಗ್ನಾಸ್ಟಿಕ್ಸ್ ಕಂಪನಿಯಲ್ಲಿ ಕೆಲಸ. ಆಗ ಟಿಬಿಗೆ ಗೋಲ್ಡ್ ಪ್ರೋಬ್ ಮಾಡುತ್ತಿದ್ದೆವು. 13 ನ್ಯಾನೋಮೀಟರ್ ಚಿನ್ನದ ಕಣ, ಅದರ ಮೈತುಂಬ ಥಯಾಲ್ (ಚಿನ್ನಕ್ಕೆ ಅಂಟುವ ಗಂಧಕದ ತುದಿ) ಇರುವ ಡಿಎನ್‌ಎ ಎಳೆಗಳು. ಇಂಥ ಎರಡು ಬಗೆಯ ಪ್ರೋಬ್. ಸ್ಯಾಂಪಲ್‌ನಲ್ಲಿ ಟಿಬಿ ರೋಗಾಣುವಿನ ಐಎಸ್6110 ಅನ್ನೋ ಡಿಎನ್‌ಎ ತುಣುಕು ಇದ್ದರೆ ಅದರ ಒಂದು ಅರ್ಧ ಈ ಕಣದ ಎಳೆಗೆ, ಇನ್ನೊಂದು ಅರ್ಧ ಆ ಕಣದ ಎಳೆಗೆ ಕೂಡಿಕೊಳ್ಳುತ್ತದೆ. ಕಣಗಳು ಹತ್ತಿರ ಬಂದರೆ ಕೆಂಪು ದ್ರವ ನೇರಳೆಯಾಗುತ್ತದೆ. 1996ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಚಾಡ್ ಮಿರ್ಕಿನ್ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟ ದಾರಿ. ಉತ್ತರ ಓದಲು ದೊಡ್ಡ ಮಷೀನ್ ಬೇಡ, ಕಣ್ಣು ಸಾಕು. ಅದಕ್ಕೇ ನನಗೆ ಈ ಕೆಲಸದ ಮೇಲೆ ಅಷ್ಟು ಪ್ರೀತಿ.

ಆ ವಾರ ಶುಕ್ರವಾರಕ್ಕೆ ಡೆಮೋ ಇಟ್ಟುಬಿಟ್ಟಿದ್ದರು. ನಮ್ಮನ್ನು ಒಂದು ಮಾತು ಕೇಳಲಿಲ್ಲ. ಸಾಲ್ಟ್ ಏಜಿಂಗ್‌ಗೆ ನಾನು ಯಾವಾಗಲೂ ಎರಡು ದಿನ ಕೊಡುತ್ತೇನೆ. ಸ್ವಲ್ಪ ಸ್ವಲ್ಪವೇ ಉಪ್ಪು ಏರಿಸುತ್ತಾ 0.3 ಮೋಲಾರ್‌ಗೆ ತರಬೇಕು. ಆಗ ಮಾತ್ರ ಕಣದ ಮೇಲೆ ಎಳೆಗಳು ಒತ್ತಾಗಿ ಕೂರುತ್ತವೆ. ಆ ಸಲ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಕಣಗಳು ಬೆಳಕು ಹೀರುವ ಸ್ಪೆಕ್ಟ್ರಮ್ ತೆಗೆದಾಗ ಪೀಕ್ 524 ನ್ಯಾನೋಮೀಟರ್‌ನಲ್ಲಿ ಸರಿಯಾಗೇ ಇತ್ತು. 650ರ ಹತ್ತಿರ ಟೇಲ್ ಸ್ವಲ್ಪ ಎದ್ದಿತ್ತು, ಕಣಗಳು ಮುದ್ದೆಗಟ್ಟುತ್ತಿದ್ದರೆ ಹಾಗಾಗುತ್ತದೆ. ಲ್ಯಾಂಪ್ ಹಳೆಯದು, ಬೇಸ್‌ಲೈನ್ ಇರಬೇಕು ಅಂದುಕೊಂಡೆ. ಹೊಸ ಲ್ಯಾಂಪ್ ಕೇಳಿದ್ದ ಫಾರ್ಮ್ ಪರ್ಚೇಸ್‌ನಲ್ಲಿ ಮೂರು ತಿಂಗಳಿಂದ ಬಿದ್ದಿತ್ತು. ಆದರೆ ಆ ಟೇಲ್ ನೋಡಿದ್ದು ನಾನು. ನೋಡಿ ಬಿಟ್ಟವಳೂ ನಾನೇ.

ಗುರುವಾರ ಒಂದು ಆಸ್ಪತ್ರೆಯ 12 ಸ್ಯಾಂಪಲ್ ಓಡಿಸಿದೆ. ಟ್ಯೂಬ್ ಬಿಸಿ ಮಾಡುವ ಬ್ಲಾಕ್‌ನಲ್ಲಿ 12 ಜಾಗ. ಎನ್‌ಟಿಸಿ, ಅಂದರೆ ಸ್ಯಾಂಪಲ್ ಇಲ್ಲದ, ಕೆಂಪಾಗೇ ಉಳಿಯಬೇಕಾದ ಟ್ಯೂಬ್, ಆಮೇಲೆ ಹಾಕಿದರಾಯ್ತು ಅಂತ ಪಕ್ಕಕ್ಕಿಟ್ಟೆ. ಅರ್ಧ ಗಂಟೆಯಲ್ಲಿ ಏಳು ಟ್ಯೂಬ್ ನೇರಳೆ, ಐದು ಕೆಂಪು. ಎಷ್ಟು ಚೆನ್ನಾಗಿ ಬೇರೆಬೇರೆ ಕಂಡವು ಅಂದರೆ ಕಣ್ಣಲ್ಲಿ ನೀರು ಬಂತು. ರಿಸಲ್ಟ್ ಶೀಟ್‌ನಲ್ಲೇ ಕಳಿಸಬೇಕು, ಬಾಯಲ್ಲಿ ಹೇಳಬಾರದು ಅಂತ ನಿಯಮ. ನಾನು ಖುಷಿಯಲ್ಲಿ ಡಾಕ್ಟರ್‌ಗೆ ಫೋನ್ ಮಾಡಿ ಏಳೂ ನಂಬರ್ ಓದಿದೆ. ಅವರು ಒಂದು ಕ್ಷಣ ಸುಮ್ಮನಾದರು. "ಒಂಬತ್ತು? ಆ ಹುಡುಗಿಯ ಕಫದ ಸ್ಮಿಯರ್ ಟೆಸ್ಟ್ ನೆಗೆಟಿವ್ ಬಂದಿತ್ತು. ವಾಪಸ್ ಕರೆಸುತ್ತೇನೆ" ಅಂದರು.

ಫೋನ್ ಇಟ್ಟ ಮೇಲೆ ಎನ್‌ಟಿಸಿ ಹಾಕಿದೆ. ಅದರಲ್ಲಿ ಬರೀ ನೀರು ಮತ್ತು ಮಿಕ್ಸ್. ಕಾಫಿ ಕುಡಿದು ಬಂದು ನೋಡಿದರೆ ನೇರಳೆ.

ಕೈ ತಣ್ಣಗಾಯಿತು. ಇನ್ನು ಒಂದೇ ದಾರಿ ಇತ್ತು. ಡಿಎನ್‌ಎ ಹಿಡಿದು ಕೂಡಿಸಿದ ಗುಂಪಾದರೆ ಬಿಸಿ ಮಾಡಿದಾಗ ಬಿಡುತ್ತದೆ, ಬಣ್ಣ ತಿರುಗಿ ಕೆಂಪಾಗುತ್ತದೆ. ನಮ್ಮ ಪಾಸಿಟಿವ್ ಕಂಟ್ರೋಲ್ (ಟಿಬಿ ಡಿಎನ್‌ಎ ಇದೆ ಅಂತ ಗೊತ್ತಿರುವ ಟ್ಯೂಬ್) 58 ಡಿಗ್ರಿಯ ಆಸುಪಾಸು ಥಟ್ಟನೆ ತಿರುಗುತ್ತಿತ್ತು. ಉಪ್ಪಿಗೆ ಮುದ್ದೆಗಟ್ಟಿದ ಚಿನ್ನ ಬಿಡುವುದೇ ಇಲ್ಲ. ಏಳೂ ಟ್ಯೂಬ್ ಬ್ಲಾಕ್‌ಗೆ ಹಾಕಿದೆ. 50. 55. 58. 60. ಒಂದೊಂದೇ ಟ್ಯೂಬ್ ಬಗ್ಗಿ ನೋಡುತ್ತಿದ್ದೆ. ಒಂಬತ್ತನೆಯದನ್ನು ಜಾಸ್ತಿ ಸಲ ನೋಡಿದೆ. 65. 70. ತಳದಲ್ಲಿ ಕಪ್ಪಗೆ ಚೂರು ಕೂತಿತ್ತು, ಮೇಲಿನ ನೀರು ತಿಳಿಯಾಗುತ್ತಿತ್ತು. ಏಳರಲ್ಲಿ ಒಂದೂ ಕೆಂಪಾಗಲಿಲ್ಲ.

ಕಾರಣ ಅಲ್ಲೇ ಹೊಳೆಯಿತು. ಸ್ಯಾಂಪಲ್‌ನ ಡಿಎನ್‌ಎ ಹೆಚ್ಚಿಸಲು ಹಾಕುವ ಹಳೆಯ ಪಿಸಿಆರ್ ಮಿಕ್ಸ್ ಐದು ಸ್ಯಾಂಪಲ್‌ಗೆ ಮುಗಿದು, ಉಳಿದ ಏಳಕ್ಕೆ ಮತ್ತು ಎನ್‌ಟಿಸಿಗೆ ಬೇರೆ ಮಿಕ್ಸ್ ಹಾಕಿದ್ದೆ. ಅದರಲ್ಲಿ ಮೆಗ್ನೀಸಿಯಮ್ ಜಾಸ್ತಿ, ಅದೂ ಉಪ್ಪಿನ ಹಾಗೆ ಚಿನ್ನವನ್ನು ಮುದ್ದೆಗಟ್ಟಿಸುತ್ತದೆ. ಎಳೆ ತೆಳುವಾಗಿ ಕೂತಿದ್ದ ನನ್ನ ಪ್ರೋಬ್ ಅದನ್ನು ತಡೆಯಲಿಲ್ಲ. ನಾನು ನೋಡಿದ್ದು ಮಿಕ್ಸ್‌ನ ವ್ಯತ್ಯಾಸ, ಕಾಯಿಲೆಯದಲ್ಲ.

ಡಾಕ್ಟರ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಒಪಿಡಿ ಹೊತ್ತು. ನಾಲ್ಕು ಸಲ ಮಾಡಿದೆ. ಐದನೇ ಸಲ ಎತ್ತಿದರು. ನನ್ನ ಮಾತು ಪೂರ್ತಿ ಕೇಳಿ, "ತಂದೆ ಮಗಳು ಇಲ್ಲೇ ಕೂತಿದ್ದಾರೆ. ವಿಜಯಪುರದವರು, ಅವರಿಗೆ ಮರಾಠಿ ಅಷ್ಟಾಗಿ ಬರಲ್ಲ. ನೀವೇ ಹೇಳಿ" ಅಂತ ಫೋನ್ ಕೊಟ್ಟುಬಿಟ್ಟರು.

ವಾಕಡ್‌ನಲ್ಲಿ ಕಟ್ಟಡದ ಕೆಲಸ ಬಿಟ್ಟು ಬಂದಿದ್ದ ಮನುಷ್ಯ. ಟೆಸ್ಟ್ ತಪ್ಪಾಗಿದೆ ಅಂದೆ.

"ಹಂಗಾರ ನನ್ನ ಮಗಳಿಗೆ ಏನೂ ಇಲ್ಲ ಅಂದಂಗ ಆತಲ್ರೀ?"

ಹೂಂ ಅನ್ನೋಕೆ ಬಾಯಿ ತವಕಿಸಿತು. ಆದರೆ ಕೆಟ್ಟ ಪ್ರೋಬ್ "ಇಲ್ಲ" ಅಂತಲೂ ಹೇಳಿರಲಿಲ್ಲ. "ಅದನ್ನ ನಾ ಹೇಳಾಕ ಬರಂಗಿಲ್ರಿ. ನಮ್ಮ ಟೆಸ್ಟೇ ಕೆಟ್ಟಿತ್ತು. ಡಾಕ್ಟರ್ ಬ್ಯಾರೆ ಟೆಸ್ಟ್ ಮಾಡ್ತಾರ" ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಹಿಂದೆ ಹುಡುಗಿ ಕೆಮ್ಮುವುದು ಕೇಳಿಸಿತು.

ಅವತ್ತೇ ಸಿಬಿನ್ಯಾಟ್ (ಟಿಬಿಯ ಡಿಎನ್‌ಎ ಹುಡುಕುವ ಮಷೀನ್ ಟೆಸ್ಟ್) ಮಾಡಿಸಿದರು. ಅದಕ್ಕೆ ಎರಡು ಗಂಟೆ ಬೇಕು. ಸಂಜೆ ನೆಗೆಟಿವ್ ಅಂತ ಮೆಸೇಜ್ ಬಂತು. ಶುಕ್ರವಾರದ ಡೆಮೋ ನಾನು ಮಾಡಲ್ಲ ಅಂದೆ. ಬೈಗುಳ ತಿಂದೆ.

ಈಗ ನನ್ನ ಬ್ಲಾಕ್‌ನಲ್ಲಿ ಮೊದಲ ಜಾಗ ಎನ್‌ಟಿಸಿಗೆ. ಸ್ಯಾಂಪಲ್ 11ಕ್ಕಿಂತ ಜಾಸ್ತಿ ಹಾಕಲ್ಲ. ನೇರಳೆಯಾದ ಪ್ರತಿ ಟ್ಯೂಬನ್ನೂ ಬಿಸಿ ಮಾಡುತ್ತೇನೆ. ಮೊನ್ನೆ ಆ ಹುಡುಗನ ಟ್ಯೂಬನ್ನೂ ಹಾಕಿಸಿದೆ. ಇಬ್ಬರೂ ಬಗ್ಗಿ ನೋಡುತ್ತಾ ನಿಂತೆವು. 58ಕ್ಕೆ ಕೆಂಪಾಯಿತು. ಶೀಟ್‌ನಲ್ಲಿ ಬರಿ ಅಂದೆ.