ಕೆಂಚಿಗೂ ಕೀಮೋ

ಕೀಮೋ ಶುರುವಾಗುವ ಮೊದಲೇ ಡಾಕ್ಟರ್ ಹತ್ತಿರ ಬೀದಿನಾಯಿಗಳ ವಿಷಯ ಕೇಳಿದ್ದೆ. ಹನುಮಂತನಗರದ ನಮ್ಮ ಸುತ್ತಿನ ರಸ್ತೆಗಳಲ್ಲಿ ನಾಯಿಗಳಿಗೆ ಊಟ ಹಾಕುವುದು, ರೇಬೀಸ್ ಲಸಿಕೆ ಹಾಕಿಸುವುದು, ಮರಿಯಾಗದಂತೆ ಮಾಡುವ ಎಬಿಸಿ ಆಪರೇಷನ್ನಿಗೆ ಪಾಲಿಕೆಯ ಗಾಡಿ ಕರೆಸುವುದು, ವಾಪಸ್ ಬಿಟ್ಟ ಮೇಲೆ ಹೊಲಿಗೆ ಒಣಗಿತಾ ಎಂದು ನೋಡಿಕೊಳ್ಳುವುದು, ಇವೆಲ್ಲ ನಾವೊಂದಿಷ್ಟು ಜನ ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ. ನನಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗಿನಿಂದ ಮನೆಗೆ ಬಂದವರೆಲ್ಲ "ಇನ್ನಾದ್ರೂ ಆ ನಾಯಿಗಳ ಸಹವಾಸ ಬಿಡಮ್ಮ" ಎಂದೇ ಹೇಳುತ್ತಿದ್ದರು. ಡಾಕ್ಟರ್ ಬಿಡು ಅನ್ನಲಿಲ್ಲ, ಷರತ್ತು ಹಾಕಿದರು. ಅವರ ಮೇಲಿನ ನನ್ನ ನಂಬಿಕೆ ಗಟ್ಟಿಯಾಗಿದ್ದು ಅವತ್ತೇ.

ನನಗೆ 21 ದಿನಕ್ಕೊಮ್ಮೆ ಕೀಮೋ. ಔಷಧಿ ಹೋದ ಒಂದು ವಾರದಿಂದ ಎರಡು ವಾರದೊಳಗೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಆ ದಿನಗಳಲ್ಲಿ ನಾಯಿಯ ಹತ್ತಿರ ಹೋಗುವಂತಿಲ್ಲ. ಮೂರನೇ ವಾರ ಕೌಂಟ್ ಏರಿದ ಮೇಲೆ ಮಾಸ್ಕು, ಗ್ಲೌಸು ಹಾಕಿಕೊಂಡು ಹೋಗಬಹುದು, ಆದರೆ ಗಾಯ, ಹೇಲು, ಉಚ್ಚೆ ಮುಟ್ಟಬಾರದು. ಪರಚಿಸಿಕೊಳ್ಳಲೇಬಾರದು. ಜ್ವರ 100.4 ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ನಾಯಿ ಕಚ್ಚಿದರೆ, ಮೊದಲೇ ರೇಬೀಸ್ ಲಸಿಕೆ ಆಗಿದ್ದರೂ ಮತ್ತೆ ಪೂರ್ತಿ ಕೋರ್ಸ್ ಬೇಕು, ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಕೂಡ. ಇಷ್ಟನ್ನೂ ಅವರು ಬಿಡಿಸಿ ಹೇಳಿದರು. ನಾಯಿ ಕೆಲಸ ಮಾಡುತ್ತಾ ಚಿಕಿತ್ಸೆಗೆ ಹೋಗುತ್ತಿರುವವರು ಬೇರೆ ಯಾರಾದರೂ ಇದ್ದರೆ ತಮ್ಮ ಡಾಕ್ಟರ್ ಹತ್ತಿರ ಇದೇ ಪ್ರಶ್ನೆಗಳನ್ನು ಕೇಳಲಿ, ಮುಚ್ಚಿಡುವುದು ಬೇಡ.

ಕೆಲಸ ಹಂಚಿಕೊಂಡೆವು. ಮೊದಲ ವಾರ ಕೋಳಿ ಬೇಯುವ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು, ಹಾಗಾಗಿ ಅನ್ನ ಮಾಡುವುದು ಮಹಡಿ ಮನೆಯ ಹುಡುಗಿಯ ಪಾಲಿಗೆ ಹೋಯಿತು. ಹಾಸಿಗೆಯಲ್ಲಿ ಮಲಗಿಕೊಂಡೇ ಮಾಡಬಹುದಾದ ಫೋನು, ಲಸಿಕೆಯ ಲೆಕ್ಕ, ಗಾಡಿಯವರ ಬೆನ್ನು ಹತ್ತುವುದು ನನ್ನ ಪಾಲಿಗೆ.

ಆಗ ಬಂದವಳು ಕೆಂಚಿ. ಎಲ್ಲಿಂದ ಬಂದಳೋ, ಕಿವಿಯಲ್ಲಿ ಎಬಿಸಿ ಆಪರೇಷನ್ ಆದ ಗುರುತಿಲ್ಲ, ಕೂತಲ್ಲೆಲ್ಲ ರಕ್ತದ ಹನಿ. ಬೆದೆಗೆ ಬಂದಿದ್ದಾಳೆ ಎಂದೇ ಎಲ್ಲರೂ ಅಂದುಕೊಂಡರು. ವಾರಗಳಾದರೂ ರಕ್ತ ನಿಲ್ಲಲಿಲ್ಲ. ನಮ್ಮ ವೆಟ್ ಡಾಕ್ಟರ್ ನೋಡಿ ಟಿವಿಟಿ ಎಂದರು. ನಾಯಿಗಳಲ್ಲಿ ಕೂಡುವಿಕೆಯಿಂದ ಹರಡುವ ಕ್ಯಾನ್ಸರ್ ಅದು. ಗಡ್ಡೆಯ ಜೀವಕೋಶಗಳೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟಿ ಅಲ್ಲಿ ಬೆಳೆಯುತ್ತವೆ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದೇ ನಾಯಿಯ ಮೈಯಲ್ಲಿ ಹುಟ್ಟಿದ್ದು ಇವತ್ತು ಹನುಮಂತನಗರದ ಕೆಂಚಿಯವರೆಗೆ ಬಂದಿದೆ. ಮನುಷ್ಯರಿಗೆ ಹರಡುವುದಿಲ್ಲ.

ಕೇಳಿ ಕೈಕಾಲು ತಣ್ಣಗಾದರೂ ಡಾಕ್ಟರ್ ಮುಂದಿನ ಮಾತಿಗೆ ಜೀವ ಬಂತು. ಇದು ಚೆನ್ನಾಗಿ ವಾಸಿಯಾಗುವ ಕ್ಯಾನ್ಸರ್. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಎಂಬ ಔಷಧಿಯನ್ನು ನರಕ್ಕೆ ಕೊಟ್ಟರೆ ಹೆಚ್ಚಿನ ನಾಯಿಗಳಲ್ಲಿ ಗಡ್ಡೆ ಕರಗಿಹೋಗುತ್ತದೆ. ಆ ಔಷಧಿ ಬರುವುದು ನಮ್ಮ ಕಾಂಪೌಂಡಿನ ಪಕ್ಕ ತಾನಾಗೇ ಬೆಳೆದು ವರ್ಷವಿಡೀ ಹೂಬಿಡುವ ನಿತ್ಯಪುಷ್ಪದ ಗಿಡದಿಂದ. 1963ರಿಂದ ಮನುಷ್ಯರ ಕ್ಯಾನ್ಸರಿಗೂ ಅದನ್ನು ಕೊಡುತ್ತಿದ್ದಾರೆ. (ಹಾಗೆಂದು ಯಾರೂ ಆ ಎಲೆ ಅರೆದು ಕುಡಿಯಬೇಡಿ, ಅದು ವಿಷ.) ಪ್ರತಿ ಸಲವೂ ಮೊದಲು ರಕ್ತಪರೀಕ್ಷೆ. ಬಿಳಿ ಕಣ 4000ಕ್ಕಿಂತ ಕಡಿಮೆಯಿದ್ದರೆ ಅವಳ ಡೋಸ್ ಮುಂದಕ್ಕೆ. ನನ್ನ ನ್ಯೂಟ್ರೋಫಿಲ್ (ಬಿಳಿ ಕಣದಲ್ಲೇ ಒಂದು ಬಗೆ) 1500 ದಾಟದಿದ್ದರೆ ನನ್ನದೂ ಮುಂದಕ್ಕೆ. ನನ್ನ ರಿಪೋರ್ಟು, ಕೆಂಚಿಯ ರಿಪೋರ್ಟು ಒಂದೇ ಫೈಲಿನಲ್ಲಿ ಸೇರಿಕೊಂಡವು.

ಅವಳ ಎರಡನೇ ಡೋಸ್ ಒಂದು ಭಾನುವಾರ, ನನ್ನ ಮೂರನೇ ವಾರದಲ್ಲಿ ಬಿತ್ತು. ನಾನೂ ಹೋದೆ. ನಂದಿನಿ ಬೂತಿನ ಹಿಂದಿನ ಶೆಡ್ಡಿನಲ್ಲಿ ಅವಳನ್ನು ಇಟ್ಟಿದ್ದೆವು. ಬೂತಿನ ಅಣ್ಣ ಮೂತಿಗೆ ಪಟ್ಟಿ ಕಟ್ಟಿ ತಬ್ಬಿ ಹಿಡಿದುಕೊಂಡರು. ಮುಟ್ಟುವ ಕೆಲಸ ನನಗಿಲ್ಲ, ಮೊಬೈಲ್ ಟಾರ್ಚ್ ಹಿಡಿಯುವ ಕೆಲಸ.

ವಿನ್‌ಕ್ರಿಸ್ಟಿನ್ ಒಂದು ಹನಿ ನರದಿಂದ ಆಚೆ ಸೋರಿದರೂ ಸುತ್ತಲಿನ ಮಾಂಸ ಸುಟ್ಟು ಕೊಳೆಯಬಹುದು. ನನಗೆ ಕೊಡುವ ಕೆಂಪು ಔಷಧಿ, ಡಾಕ್ಸೋರುಬಿಸಿನ್, ಅದೂ ಹಾಗೇ. ಆಸ್ಪತ್ರೆಯ ಡೇ ಕೇರ್‌ನಲ್ಲಿ ಸಿಸ್ಟರ್ ಅದನ್ನು ಡ್ರಿಪ್ಪಿಗೆ ನೇತುಹಾಕಿ ಹೋಗುವುದಿಲ್ಲ. ಪಕ್ಕದಲ್ಲೇ ಕೂತು ಸಿರಿಂಜಿನಿಂದ ನಿಧಾನಕ್ಕೆ ತಳ್ಳುತ್ತಾ "ಉರೀತಿದ್ಯಾ ಮೇಡಂ? ಉರಿದ್ರೆ ತಕ್ಷಣ ಹೇಳಿ" ಎಂದು ಮತ್ತೆ ಮತ್ತೆ ಕೇಳುತ್ತಾರೆ. ಆ ಹೊತ್ತಿನಲ್ಲಿ ನಾನು ಕಿಟಕಿ ನೋಡುವುದಿಲ್ಲ, ಸೂಜಿ ಚುಚ್ಚಿದ ಜಾಗದ ಮೇಲಿನ ಚರ್ಮವನ್ನೇ ನೋಡುತ್ತಿರುತ್ತೇನೆ. ಉರಿ ಎಂದು ಹೇಳಲು ನನಗೆ ಬಾಯಿದೆ. ಕೆಂಚಿಯ ಬಾಯಿಯನ್ನು ನಾವೇ ಕಟ್ಟಿದ್ದೆವು.

ಡಾಕ್ಟರ್ ಮುಂಗಾಲಿನ ಕೂದಲು ಬೋಳಿಸಿ ಸೂಜಿ ಹಾಕಿ, ನರ ಸರಿಯಾಗಿ ಸಿಕ್ಕಿದೆಯಾ ಎಂದು ನೋಡಲು ಮೊದಲು ಸಲೈನ್ ಬಿಟ್ಟರು. ಅವಳು ಕಾಲು ಎಳೆದುಕೊಂಡಳು. "ಹೆದರ್ಕೊಂಡಿದ್ದಾಳೆ ಅಷ್ಟೇ" ಎಂದರು ಅಣ್ಣ. ಟಾರ್ಚ್ ಬೆಳಕಿನಲ್ಲಿ ಸೂಜಿಯ ಮುಂದೆ ಚರ್ಮ ಸಣ್ಣಗೆ, ಕಡಲೆಕಾಳಿನಷ್ಟು ಉಬ್ಬುತ್ತಿದ್ದುದು ನನಗೆ ಕಂಡಿತು. "ಡಾಕ್ಟ್ರೇ, ಊದ್ಕೊಳ್ತಿದೆ, ನಿಲ್ಸಿ" ಎಂದೆ. ಅವರು ಬೆರಳಿಟ್ಟು ನೋಡಿದರು, ಸೂಜಿ ತೆಗೆದರು, ಇನ್ನೊಂದು ಕಾಲಿಗೆ ಹಾಕಿದರು. ಒಳಗೆ ಹೋಗಿದ್ದು ಬರೀ ಉಪ್ಪುನೀರು. ಎರಡನೇ ಸಲ ಸಲೈನ್ ಸಲೀಸಾಗಿ ಹೋಯಿತು. ಆಮೇಲೆ ಔಷಧಿ. ಕೆಲವೇ ಕ್ಷಣದಲ್ಲಿ ಮುಗಿಯಿತು. ಅಷ್ಟು ಹೊತ್ತೂ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ.

ಅವತ್ತು ಸಂಜೆ ಮನೆಗೆ ಬಂದು ತುಂಬಾ ಅತ್ತೆ. ಸಂಕಟಕ್ಕಲ್ಲ. ಕಾಯಿಲೆ ಬಂದಾಗಿನಿಂದ ಎಲ್ಲರೂ ನನ್ನನ್ನು ಕೂರಿಸಿ ನೋಡಿಕೊಳ್ಳುತ್ತಿದ್ದಾರೆ. ಅದರ ಋಣ ದೊಡ್ಡದು. ಆದರೆ ಕೀಮೋ ಕುರ್ಚಿಯಲ್ಲಿ ಕೂತು ಕಲಿತದ್ದು ಇನ್ನೊಂದು ಜೀವದ ಕಾಲು ಉಳಿಸಿತು. ರೋಗ ಬಂದವರನ್ನು ಪ್ರೀತಿಸುವವರು ಅವರ ಕೈಯಿಂದ ಎಲ್ಲ ಕೆಲಸವನ್ನೂ ಕಿತ್ತುಕೊಳ್ಳಬಾರದು ಎಂದು ನಾನು ಕೇಳಿಕೊಳ್ಳುತ್ತೇನೆ. ಎಷ್ಟು ಮಾಡಬಹುದು ಎಂದು ರಕ್ತಪರೀಕ್ಷೆ ಹೇಳಲಿ.

ಈಗ ಕೆಂಚಿಯ ರಕ್ತ ನಿಂತಿದೆ, ಗಡ್ಡೆ ಅರ್ಧಕ್ಕಿಂತ ಹೆಚ್ಚು ಕರಗಿದೆ. ಪೂರ್ತಿ ಹೋದ ಮೇಲೆ ಎಬಿಸಿ ಆಪರೇಷನ್ ಆಗಲೇಬೇಕು. ಬೀದಿಯಲ್ಲಿ ಟಿವಿಟಿ ಹರಡುವುದು ನಿಲ್ಲಬೇಕಾದರೆ ಇರುವ ಮುಖ್ಯ ದಾರಿ ಅದೇ. ಆಪರೇಷನ್, ಲಸಿಕೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು ಎಂದು 2023ರ ಎಬಿಸಿ ನಿಯಮ ಹೇಳುತ್ತದೆ. ರೇಬೀಸ್ ಇರುವ, ಮೇಲೆರಗುವ ನಾಯಿಗಳನ್ನು ಬಿಟ್ಟು ಉಳಿದವಕ್ಕೆ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ನಾಯಿ ಬೇಡವೇ ಬೇಡ ಎನ್ನುವ ಮನೆಗಳು ನಮ್ಮ ರಸ್ತೆಯಲ್ಲೂ ಇವೆ. ಅವರ ಭಯ ಸುಳ್ಳಲ್ಲ. ಅವರಿಗೆ ತೋರಿಸಲು ಕೆಂಚಿಯ ಕಿವಿಯಲ್ಲಿ ಆ ಗುರುತು ಬೇಕು.

ಮುಂದಿನ ಡೋಸಿನ ದಿನ ನನ್ನ ಕೌಂಟ್ ಇಳಿದಿರುತ್ತದೆ, ಹೋಗುವಂತಿಲ್ಲ. ಟಾರ್ಚಿನ ಕೆಲಸ ಮಹಡಿ ಮನೆಯ ಹುಡುಗಿಗೆ ಒಪ್ಪಿಸಿದ್ದೇನೆ. ಸೂಜಿಯ ತುದಿ ಎಲ್ಲಿರುತ್ತದೆ, ಚರ್ಮ ಎಲ್ಲಿ ಉಬ್ಬುತ್ತದೆ ಎಂದು ನನ್ನ ಕೈಯ ನರ ತೋರಿಸಿಯೇ ಹೇಳಿಕೊಟ್ಟೆ. ಎಲ್ಲ ಕೇಳಿಸಿಕೊಂಡು ಅವಳೆಂದಳು: "ಆಯ್ತಕ್ಕ, ಆದ್ರೂ ವಿಡಿಯೋ ಕಾಲ್ ಮಾಡ್ತೀನಿ. ನೀವೂ ನೋಡ್ತಾ ಇರಿ."