ಸೆನಯನ್‌ನ ಉಂಗುರದ ನೆರಳಲ್ಲಿ

ಜಕಾರ್ತದ ಮೆಟ್ರೊ ಇಳಿದು ಮೇಲೆ ಬಂದರೆ ಎದುರಿಗೇ ದಾರಿ ತೋರುವ ಫಲಕ. ಒಂದು ಕಡೆ ‘ಸ್ಟಾಡಿಯೋನ್ ಉತಾಮ’, ಇನ್ನೊಂದು ಕಡೆ ‘ಸ್ಟಾಡಿಯೋನ್ ಮಾದ್ಯ’. ಉತ್ತಮ, ಮಧ್ಯ! ಇಲ್ಲಿನವರ ಬಾಯಲ್ಲಿ ಉತಾಮ ಎಂದರೆ ಮುಖ್ಯವಾದದ್ದು. ಪರಊರಿನಲ್ಲಿ ಹಳೇ ನೆಂಟರು ಸಿಕ್ಕಷ್ಟು ಖುಷಿಯಾಯಿತು.

ಗೆಲೋರಾ ಬುಂಗ್ ಕಾರ್ನೊ ಕ್ರೀಡಾ ಸಂಕೀರ್ಣ ನೋಡುವ ಆಸೆ ಹುಟ್ಟಿಸಿದವರು ನಮ್ಮ ದೊಡ್ಡಪ್ಪ. ಬೆಂಗಳೂರಿನಲ್ಲಿ ಫುಟ್‌ಬಾಲ್ ಆಡಿ ಮೊಣಕಾಲು ಸವೆಸಿಕೊಂಡವರು. ಊಟಕ್ಕೆ ಕೂತಾಗಲೆಲ್ಲ 1962ರ ಏಷ್ಯನ್ ಗೇಮ್ಸ್ ಫೈನಲ್ ಎತ್ತುತ್ತಿದ್ದರು. ಅದು ನಡೆದದ್ದು ಇಲ್ಲೇ.

ಆ ಕೂಟಕ್ಕಾಗಿಯೇ ಇಡೀ ಸಂಕೀರ್ಣ ಕಟ್ಟಿದ್ದು. 1958ರಲ್ಲಿ ಆತಿಥ್ಯ ಸಿಕ್ಕಾಗ ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿ 13 ವರ್ಷವಾಗಿತ್ತಷ್ಟೆ. ಕೈಯಲ್ಲಿ ಕಾಸಿಲ್ಲ, ದೊಡ್ಡ ಕ್ರೀಡಾಂಗಣವೂ ಇಲ್ಲ. ಸೋವಿಯತ್ ಒಕ್ಕೂಟ 1.25 ಕೋಟಿ ಡಾಲರ್ ಸಾಲ ಕೊಟ್ಟಿತು, ಎಂಜಿನಿಯರ್‌ಗಳನ್ನೂ ಕಳಿಸಿತು. ಅಧ್ಯಕ್ಷ ಸುಕಾರ್ನೊಗೆ (ಜನರ ಬಾಯಲ್ಲಿ ಇವರೇ ಬುಂಗ್ ಕಾರ್ನೊ) ಊರ ನಡುವೆಯೇ ಕಟ್ಟಿಸುವ ಮನಸ್ಸು. ವಾಹನಗಳು ಸಿಕ್ಕಿಕೊಳ್ಳುತ್ತವೆ, ಬೇಡ ಎಂದವರು ವಾಸ್ತುಶಿಲ್ಪಿ ಫ್ರೆಡರಿಕ್ ಸಿಲಬಾನ್. ಹೀಗೆ ಆಗ ಊರಾಚೆ ಇದ್ದ ಸೆನಯನ್ ಗೊತ್ತಾಯಿತು. 1960ರ ಫೆಬ್ರವರಿ 8ರಂದು ಕೆಲಸ ಶುರು, 1962ರ ಜುಲೈ 21ರಂದು ಮುಖ್ಯ ಕ್ರೀಡಾಂಗಣದ ಉದ್ಘಾಟನೆ. ಕ್ರೀಡಾಂಗಣದ ಜೊತೆಗೇ ಹೋಟೆಲ್ ಇಂಡೋನೇಷ್ಯಾ, ಅದರೆದುರು ಕೈಯೆತ್ತಿ ಸ್ವಾಗತಿಸುವ ಜೋಡಿ ಪ್ರತಿಮೆ, ಸೆಮಂಗಿಯ ಮೇಲುಸೇತುವೆ. ಒಂದು ಕೂಟದ ನೆಪದಲ್ಲಿ ರಾಜಧಾನಿಯೇ ಹೊಸ ರೂಪ ಪಡೆಯಿತು.

ಒಳಗೆ ಹೋಗುವ ಅವಕಾಶ ಸಿಕ್ಕಿತು. ಹೊರಗೆ ನೆತ್ತಿ ಸುಡುವ ಬಿಸಿಲು. ಮೆಟ್ಟಿಲು ಹತ್ತಿ ಆಸನಗಳ ನಡುವೆ ಬಂದ ಕೂಡಲೇ ಕತ್ತಿನ ಬೆವರಿಗೆ ಗಾಳಿ ತಾಗಿತು. ತಲೆಯೆತ್ತಿದೆ. ಉಕ್ಕಿನ ತೊಲೆಗಳ ಮೇಲೆ ನಿಂತ ಚಾವಣಿ ಎಲ್ಲೂ ಕಡಿಯದೆ ಮೈದಾನದ ಸುತ್ತ ಒಂದು ಬಳಸು ಬಂದು, ಹೊರಟಲ್ಲಿಗೇ ಕೂಡಿಕೊಂಡಿದೆ. ‘ತೆಮು ಗೆಲಾಂಗ್’ ಎನ್ನುತ್ತಾರೆ, ಬಳೆಯ ಹಾಗೆ ತುದಿಗೆ ತುದಿ ಸೇರುವುದು. ಹೀಗೇ ಇರಬೇಕೆಂದು ಹಟ ಹಿಡಿದವರು ಸುಕಾರ್ನೊ. ಅವರೂ ಬಾಂಡುಂಗ್‌ನಲ್ಲಿ ಓದಿದ ಸಿವಿಲ್ ಎಂಜಿನಿಯರ್. ಬಿಸಿಲಿಗೆ ಹಂಬಲಿಸುವ ದೇಶದಿಂದ ಬಂದವರ ಹತ್ತಿರ ಅವರು ಕೇಳಿದ್ದು ನೆರಳು. ಗಣ್ಯರ ಗ್ಯಾಲರಿಗೆ ಮಾತ್ರವಲ್ಲ, ಲಕ್ಷ ಜನಕ್ಕೂ. ನಮ್ಮಲ್ಲಿ ಎಷ್ಟೋ ಮೈದಾನಗಳಲ್ಲಿ ಕಡಿಮೆ ದುಡ್ಡಿನ ಟಿಕೆಟ್ ಎಂದರೆ ಬಿಸಿಲಲ್ಲಿ ಕೂರುವುದೆಂದೇ ಅರ್ಥ. ಆ ಚಾವಣಿಯ ಕೆಳಗೆ ನನಗೆ ತುಂಬ ಹೊತ್ತು ಮಾತೇ ಹೊರಡಲಿಲ್ಲ.

2018ರ ಏಷ್ಯನ್ ಗೇಮ್ಸ್‌ಗೆ ಬೆಂಚುಗಳನ್ನು ಕಿತ್ತು ಒಂಟಿ ಕುರ್ಚಿ ಹಾಕಿದ್ದಾರೆ. ಈಗ ಸುಮಾರು 77 ಸಾವಿರ ಜನಕ್ಕೆ ಜಾಗ.

ಒಂದು ಕುರ್ಚಿಯಲ್ಲಿ ಕೂತು ದೊಡ್ಡಪ್ಪನ ಪಂದ್ಯವನ್ನು ನೆನೆದೆ. ಇಸ್ರೇಲ್, ತೈವಾನ್ ಆಟಗಾರರಿಗೆ ಇಂಡೋನೇಷ್ಯಾ ವೀಸಾ ಕೊಟ್ಟಿರಲಿಲ್ಲ. ಅದನ್ನು ಏಷ್ಯನ್ ಗೇಮ್ಸ್ ಒಕ್ಕೂಟದಲ್ಲಿದ್ದ ನಮ್ಮ ದೇಶದ ಗುರುದತ್ ಸೋಂಧಿ ಪ್ರಶ್ನಿಸಿದ್ದರಿಂದ ಜಕಾರ್ತದ ಸಿಟ್ಟೆಲ್ಲ ಭಾರತದ ಮೇಲೆ ತಿರುಗಿತ್ತು. ಸೆಪ್ಟೆಂಬರ್ 4ರಂದು ದಕ್ಷಿಣ ಕೊರಿಯಾ ವಿರುದ್ಧ ಆಡುವಾಗ ಇಡೀ ಕ್ರೀಡಾಂಗಣ ನಮ್ಮವರ ಮೇಲೆ ಕೂಗಾಡಿತು. ನಮ್ಮ ಕೋಚ್ ರಹೀಂ ಸಾಹೇಬರು ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ರನ್ನು ಮುಂದಕ್ಕೆ ಬಿಟ್ಟರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು, 2-1. ಆ ಕೂಗು ಇದೇ ಉಂಗುರಕ್ಕೆ ಬಡಿದು ಕೆಳಗಿಳಿದಿರಬೇಕು. ಮೈ ಜುಂ ಎಂದಿತು.

ವಾಪಸು ಬರುವಾಗ ಸಿಕ್ಕ ಟ್ಯಾಕ್ಸಿಯ ಹಿರಿಯರು ಜಕಾರ್ತದ್ದೇ ಬಡಾವಣೆಯಾದ ತೆಬೆಟ್‌ನವರು. ‘ಪಾಕ್ (ಹಿರಿಯರನ್ನು ಇಲ್ಲಿ ಹೀಗೆ ಕರೆಯುತ್ತಾರೆ), ನಿಮ್ಮ ಊರು ಅದೇನಾ?’ ಎಂದೆ. ಸಿಗ್ನಲ್ಲಿನಲ್ಲಿ ತಿರುಗಿ, ನಾನು ಬಂದ ದಾರಿಯತ್ತಲೇ ಕೈ ತೋರಿಸಿದರು. ಅವರ ಅಜ್ಜಿಯ ಮನೆ ಅಲ್ಲಿತ್ತಂತೆ. ಸೆನಯನ್, ಪೆತುಂದುವಾನ್, ಕೆಬುನ್ ಕೆಲಾಪ, ಬೆಂದುಂಗನ್ ಉದಿಕ್ ಎಂಬ ಹಳ್ಳಿಗಳನ್ನು ಎಬ್ಬಿಸಿ ಈ ಜಾಗ ಮಾಡಿದ್ದು; ಬಹಳಷ್ಟು ಜನರನ್ನು ತೆಬೆಟ್‌ಗೆ ಕಳಿಸಿದರು. ಕೆಬುನ್ ಕೆಲಾಪ ಎಂದರೆ ತೆಂಗಿನ ತೋಟ. ಅಜ್ಜಿ ಬರುವಾಗ ಬಾಗಿಲನ್ನೂ ಕಿತ್ತು ತಂದಿದ್ದರಂತೆ. ನಾನು ಸುತ್ತಿದಷ್ಟು ಜಾಗದಲ್ಲಿ ಆ ಹಳ್ಳಿಗಳ ಹೆಸರು ಎಲ್ಲೂ ಕಾಣಲಿಲ್ಲ. ಸಂಕೀರ್ಣಕ್ಕಿದ್ದ ಸುಕಾರ್ನೊ ಹೆಸರನ್ನೇ ಅವರ ನಂತರದ ಅಧ್ಯಕ್ಷ ಸುಹಾರ್ತೊ ಕಾಲದಲ್ಲಿ ತೆಗೆದು, 2001ರಲ್ಲಿ ಮತ್ತೆ ತಂದರು. ಆ ನಾಲ್ಕು ಹೆಸರುಗಳನ್ನೂ ಒಂದು ಕಲ್ಲಿನ ಮೇಲೆ ಕೆತ್ತಿಸಬಹುದಲ್ಲ?

ಸಂಜೆ ತಡೆಯಲಾರದೆ ಮತ್ತೆ ಹೋದೆ. ಕ್ರೀಡಾಂಗಣದ ಸುತ್ತ ಜನ ಓಡುತ್ತಿದ್ದರು, ಮಕ್ಕಳು ಸೈಕಲ್ ಕಲಿಯುತ್ತಿದ್ದರು. ಗೇಟಿನಾಚೆ ಒಬ್ಬಾತ ಕೆರಾಕ್ ತೆಲೋರ್ ಮಾಡುತ್ತಿದ್ದ. ಇದು ಆ ಹಳ್ಳಿಗಳ ಬೆತಾವಿ ಜನರದೇ, ಅಂದರೆ ಜಕಾರ್ತದ ಮೂಲನಿವಾಸಿಗಳದೇ ತಿಂಡಿ. ಅಂಟಕ್ಕಿಯ ಮೇಲೆ ಮೊಟ್ಟೆ ಒಡೆದು ಕಲಸಿ, ಬಾಣಲೆಯನ್ನೇ ಕೆಂಡದ ಮೇಲೆ ಬೋರಲು ಹಿಡಿದ. ಒಂದು ಅಗುಳೂ ಉದುರಲಿಲ್ಲ. ತಿರುಗಿಸಿ, ಕೆಂಪಗೆ ಹುರಿದ ಕಾಯಿತುರಿ ಮೇಲೆ ಉದುರಿಸಿ ಕೊಟ್ಟ.

‘ತೆಂಗಿನಕಾಯಿ ಎಲ್ಲಿಯದು?’ ಕೈಸನ್ನೆ ಮಾಡಿ ಕೇಳಿದೆ.

‘ಮಾರ್ಕೆಟ್ಟಿನದು’ ಎಂದ.